ಕ್ರಿಪ್ಟೊ ಕ್ಯಾಸಿನೊದಲ್ಲಿ ಹಣ ಕಾಣೆ: ಯಾರು ತಿಂದರು ಎನ್ನುವ ಮೊದಲು ಎಲ್ಲಿ ನಿಂತಿತು ಎಂದು ನೋಡಿ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು, ವಯಸ್ಸು 29. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಜೊತೆಯ ಕೆಲಸಗಾರರೊಬ್ಬರು ತೋರಿಸಿಕೊಟ್ಟ ವಿದೇಶಿ ಕ್ರಿಪ್ಟೊ ಕ್ಯಾಸಿನೊದಲ್ಲಿ, ‘ಸಾಬೀತುಪಡಿಸಬಹುದಾದ ನ್ಯಾಯಯುತ ಆಟ’ ಎಂದು ಅವರು ಬರೆದುಕೊಂಡಿದ್ದನ್ನು ನಂಬಿ ಖಾತೆ ತೆರೆದೆ. ಮೊದಲು 200 ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ಕಾಯಿನ್) ಹಾಕಿದೆ, ಎರಡು ನಿಮಿಷದಲ್ಲಿ ಖಾತೆಗೆ ಬಂತು. ಆಡುತ್ತ ಅದು 2,640 ಆಯಿತು. ಹಿಂಪಡೆಯಲು ಕೋರಿಕೆ ಹಾಕಿ ಮೂರು ವಾರವಾಯಿತು. ‘ಪರಿಶೀಲನೆಯಲ್ಲಿದೆ’ ಎಂದೇ ತೋರಿಸುತ್ತಿದೆ. ಆಧಾರ್, ಪ್ಯಾನ್, ಸೆಲ್ಫಿ ಎಲ್ಲ ಕೊಟ್ಟಿದ್ದೇನೆ. ಅದು ಬರುವವರೆಗೆ ಸುಮ್ಮನಿರಲಾಗದೆ ಇನ್ನೂ 1,150 ಯುಎಸ್‌ಡಿಟಿ ಕಳಿಸಿದೆ. ಅದು ಖಾತೆಯಲ್ಲಿ ಕಾಣಿಸಲೇ ಇಲ್ಲ. ನನ್ನ ವಾಲೆಟ್‌ನಲ್ಲಿ ‘ಯಶಸ್ವಿ’ ಎಂದಿದೆ, ಅವರು ‘ನಮಗೆ ಬಂದಿಲ್ಲ’ ಎನ್ನುತ್ತಾರೆ. ಅವರ ಟೆಲಿಗ್ರಾಂ ಗುಂಪಿನಲ್ಲಿ ಜಗಳ ಮಾಡಿದ ಮೇಲೆ ‘ಮ್ಯಾನೇಜರ್’ ಒಬ್ಬರು ಖಾಸಗಿಯಾಗಿ ಸಂದೇಶ ಕಳಿಸಿ, ಭಾರತದ ತೆರಿಗೆ ಎಂದು 12% ಕಟ್ಟಿದರೆ ಎರಡೂ ಮೊತ್ತ ಬಿಡುಗಡೆಯಾಗುತ್ತದೆ ಎಂದಿದ್ದಾರೆ. ಇನ್ನೂ ಕಟ್ಟಿಲ್ಲ. 1,150ರಲ್ಲಿ ಅಪ್ಪನ ಕಬ್ಬಿನ ಬಿಲ್ಲಿನ ಹಣವಿದೆ, ಮನೆಯಲ್ಲಿ ಗೊತ್ತಿಲ್ಲ. ಪೊಲೀಸರ ಬಳಿ ಹೋದರೆ ಜೂಜಾಡಿದ್ದಕ್ಕೆ ನನ್ನನ್ನೇ ಹಿಡಿಯುತ್ತಾರೆ ಎನ್ನುತ್ತಾರೆ ಗೆಳೆಯರು. ನನಗೆ ಕಾಯಿನ್ ಮಾರಿದವನ ಮೇಲೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಬೇಗ ಹಣ ಬರುತ್ತದೆ ಎಂದು ಒಬ್ಬರು ಹೇಳಿದರು. ಏನು ಮಾಡಲಿ? ಹಣ ಸಿಗುತ್ತದೆಯೇ? ಚಿತ್ರಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಆ 12% ಕಟ್ಟಬೇಡಿ. ‘ಇನ್ನೂ ಕಟ್ಟಿಲ್ಲ’ ಎಂದು ಬರೆದಿದ್ದೀರಿ. ಆ ‘ಇನ್ನೂ’ ನನಗೆ ಹಿಡಿಸಲಿಲ್ಲ. ಅದು ಏಕೆ ಎಂಬುದಕ್ಕೆ ಮುಂದೆ ಬರುತ್ತೇನೆ. ಈ ಪತ್ರ ಪೂರ್ತಿ ಓದುವವರೆಗಾದರೂ ಯಾರಿಗೂ ಒಂದು ರೂಪಾಯಿ ಕಳಿಸಬೇಡಿ, ಯಾವ ಕೊಂಡಿಯನ್ನೂ ಒತ್ತಬೇಡಿ.

ನಾನು ಯಾವ ಅನುಭವದ ಮೇಲೆ ಹೇಳುತ್ತಿದ್ದೇನೆ ಎಂಬುದು ನಿಮಗೆ ಗೊತ್ತಿರಬೇಕು. ಬೆಂಗಳೂರಿನಲ್ಲಿ ಒಂದು ಗೇಮಿಂಗ್ ಕಂಪನಿಯ ಪಾವತಿ ದೂರುಗಳ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ, ಹೆಚ್ಚಿನ ದಿನ ರಾತ್ರಿ ಪಾಳಿ. ‘ನನ್ನ ಹಣ ಎಲ್ಲಿ’ ಎಂದು ಆಟಗಾರರು ಬರೆಯುತ್ತಿದ್ದ ಪತ್ರಗಳನ್ನು ಮೊದಲು ಓದುತ್ತಿದ್ದವನು ನಾನು. ಈಗ ಮೈಸೂರಿನಲ್ಲಿ, ಇಂಥ ಪ್ರಕರಣಗಳಲ್ಲಿ ಕ್ರಿಪ್ಟೊ ಹಣದ ಜಾಡು ಓದಿ ವಕೀಲರಿಗೆ ವಿವರಿಸುವುದು ನನ್ನ ಕಸುಬು. ಮೇಜಿನ ಎರಡೂ ಬದಿಯಲ್ಲಿ ಕುಳಿತವನಿಗೆ ಒಂದು ವಿಷಯ ಖಚಿತವಾಗಿ ಗೊತ್ತಾಗುತ್ತದೆ: ‘ಹಣ ಕಾಣೆಯಾಗಿದೆ’ ಎಂಬ ಒಂದೇ ವಾಕ್ಯದಲ್ಲಿ ಎರಡು ಮೂರು ಬೇರೆ ಬೇರೆ ಘಟನೆಗಳು ಸೇರಿಕೊಂಡಿರುತ್ತವೆ. ಕಳೆದುಕೊಂಡವನ ಕೋಪಕ್ಕೆ ಅವೆಲ್ಲ ಒಂದೇ. ಅವನು ಒಬ್ಬನನ್ನೇ ಕಳ್ಳನೆಂದು ಹಿಡಿದುಕೊಳ್ಳುತ್ತಾನೆ, ಅಷ್ಟರಲ್ಲಿ ನಿಜವಾದ ಕಳ್ಳ ಜಿಲ್ಲೆ ದಾಟಿರುತ್ತಾನೆ.

ನಿಮ್ಮ ಪತ್ರದಲ್ಲಿಯೂ ಹಾಗೆಯೇ ಆಗಿದೆ. 2,640 ಒಂದು ಕಥೆ, 1,150 ಇನ್ನೊಂದು, ಟೆಲಿಗ್ರಾಂ ಮ್ಯಾನೇಜರ್ ಮೂರನೆಯದು. ನೀವು ಮೂರನ್ನೂ ಕ್ಯಾಸಿನೊದ ತಲೆಗೆ ಕಟ್ಟಿದ್ದೀರಿ.

ಯುಎಸ್‌ಡಿಟಿ ಕಳಿಸಿದಾಗ ಏನಾಗುತ್ತದೆ ಎಂಬುದನ್ನು ನಿಮ್ಮ ಊರಿನ ಲೆಕ್ಕದಲ್ಲಿಯೇ ಹೇಳುತ್ತೇನೆ. ಕಬ್ಬಿನ ಲಾರಿ ಕಾರ್ಖಾನೆಯ ವೇಬ್ರಿಡ್ಜ್ ಹತ್ತಿ ಇಳಿದರೆ ತೂಕದ ಚೀಟಿ ಕೈಗೆ ಬರುತ್ತದೆ. ಲಾರಿ ಬಂದದ್ದಕ್ಕೆ, ಇಷ್ಟು ಟನ್ ತೂಗಿದ್ದಕ್ಕೆ ಆ ಚೀಟಿ ಸಾಕ್ಷಿ. ಆದರೆ ಅದು ನಿಮ್ಮ ಅಪ್ಪನ ಹೆಸರಿನ ಲೆಕ್ಕಕ್ಕೆ ಜಮಾ ಆಯಿತೇ, ಬಿಲ್ಲು ಯಾವಾಗ ಬರುತ್ತದೆ ಎಂಬುದು ಕಾರ್ಖಾನೆಯ ಒಳಗಿನ ಪುಸ್ತಕದ ವಿಷಯ. ಬ್ಲಾಕ್‌ಚೈನ್, ಅಂದರೆ ಕ್ರಿಪ್ಟೊ ವಹಿವಾಟುಗಳ ಸಾರ್ವಜನಿಕ ಲೆಕ್ಕಪುಸ್ತಕ, ಕೊಡುವುದು ತೂಕದ ಚೀಟಿ ಮಾತ್ರ. ಕ್ಯಾಸಿನೊ ಖಾತೆಯಲ್ಲಿ ನಿಮಗೆ ಕಾಣುವ 2,640 ಎಂಬ ಅಂಕಿ ಬ್ಲಾಕ್‌ಚೈನ್‌ನಲ್ಲಿ ಎಲ್ಲಿಯೂ ಇಲ್ಲ. ಅದು ಅವರ ಕಂಪ್ಯೂಟರಿನಲ್ಲಿ ಅವರೇ ಬರೆದುಕೊಂಡ ಅಂಕಿ.

ಆ ಚೀಟಿಯ ಸಂಖ್ಯೆಗೆ ಟ್ರಾನ್ಸಾಕ್ಷನ್ ಐಡಿ ಎನ್ನುತ್ತಾರೆ, 64 ಅಕ್ಷರಗಳ ಉದ್ದನೆಯ ಸಾಲು. ನೀವು ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ಕಳಿಸಿರುವುದರಿಂದ, ಆ ಜಾಲದ ವಹಿವಾಟು ತೋರಿಸುವ ಟ್ರಾನ್‌ಸ್ಕ್ಯಾನ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಎಷ್ಟು, ಯಾವ ಸೆಕೆಂಡಿನಲ್ಲಿ ಹೋಯಿತು ಎಂಬುದು ಜಗತ್ತಿಗೇ ಕಾಣುತ್ತದೆ. ಪಹಣಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದಲ್ಲ, ಹಾಗೆ. ವ್ಯತ್ಯಾಸವಿಷ್ಟೇ: ಈ ಪಹಣಿಯಲ್ಲಿ ಸರ್ವೆ ನಂಬರ್ ಇದೆ, ಖಾತೆದಾರನ ಹೆಸರಿನ ಕಾಲಂ ಇಲ್ಲ. ‘ಕ್ರಿಪ್ಟೊ ಜಾಡು ಯಾರಿಗೂ ಸಿಗುವುದಿಲ್ಲ’ ಎಂಬ ಮಾತು ಸುಳ್ಳು. ಜಾಡು ಸಿಗುತ್ತದೆ, ಆಸಾಮಿ ಸಿಗುವುದು ಕಷ್ಟ.

ಈಗ ನಿಮ್ಮ ಚಿತ್ರಗಳಿಗೆ ಬರೋಣ. ಮೂರನೆಯ ಚಿತ್ರದಲ್ಲಿ ಕ್ಯಾಸಿನೊ ನಿಮಗೆ ಕೊಟ್ಟ ಠೇವಣಿ ವಿಳಾಸವಿದೆ. ಐದನೆಯದರಲ್ಲಿ 1,150 ಹೋದ ವಿಳಾಸವಿದೆ. ಎರಡನ್ನೂ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಬೆರಳಿಟ್ಟು ಓದಿದೆ. ಟ್ರಾನ್ ವಿಳಾಸಕ್ಕೆ 34 ಅಕ್ಷರ. ಮೊದಲ ಮೂರು ಒಂದೇ. ಕೊನೆಯ ನಾಲ್ಕು ಒಂದೇ. ನಾಲ್ಕನೆಯ ಅಕ್ಷರದಲ್ಲಿ ಬೆರಳು ನಿಂತಿತು: ಮೇಲೆ ಅಂಕಿ, ಕೆಳಗೆ ಅಕ್ಷರ. ಅಲ್ಲಿಂದ ಮೂವತ್ತನೆಯ ಅಕ್ಷರದವರೆಗೆ ಎರಡೂ ಬೇರೆಯೇ. ನೀವು 200 ಕಳಿಸಿದ ವಿಳಾಸ ಕ್ಯಾಸಿನೊದ್ದು. 1,150 ಕಳಿಸಿದ ವಿಳಾಸ ಅದರ ವೇಷ ಹಾಕಿಕೊಂಡ ಬೇರೆ ಯಾರದೋ. ಅಂದರೆ ‘ನಮಗೆ ಬಂದಿಲ್ಲ’ ಎಂದು ಅವರ ಸಿಬ್ಬಂದಿ ಹೇಳಿದ್ದು ನಿಜ, ‘ಯಶಸ್ವಿ’ ಎಂದು ನಿಮ್ಮ ವಾಲೆಟ್ ತೋರಿಸಿದ್ದೂ ನಿಜ.

ಇದಕ್ಕೆ ವಿಳಾಸ ವಿಷಪ್ರಾಶನ ಎಂದು ಹೆಸರು. ಹೆಸರು ನಾಟಕದಂತಿದ್ದರೂ ಕೆಲಸ ಬಹಳ ಸರಳ. ಬ್ಲಾಕ್‌ಚೈನ್ ಎಲ್ಲರಿಗೂ ಕಾಣುತ್ತದೆಯಾದ್ದರಿಂದ ಯಾರು ಯಾವ ವಿಳಾಸಕ್ಕೆ ಹಣ ಕಳಿಸುತ್ತಿದ್ದಾರೆ ಎಂದು ಕಳ್ಳರ ತಂತ್ರಾಂಶ ದಿನವಿಡೀ ನೋಡುತ್ತಿರುತ್ತದೆ. ನೀವು ಒಮ್ಮೆ ಕಳಿಸಿದ ಕೂಡಲೇ, ತಲೆ ಮತ್ತು ಬಾಲ ಅದೇ ಇರುವ ಹೊಸ ವಿಳಾಸವೊಂದನ್ನು ಹುಟ್ಟಿಸುತ್ತದೆ. ಅದನ್ನು ಸೇರಿಸಿ ಸೊನ್ನೆ ಮೊತ್ತದ ವಹಿವಾಟೊಂದನ್ನು ನಡೆಸಿ ನಿಮ್ಮ ವಹಿವಾಟಿನ ಪಟ್ಟಿಯೊಳಗೆ ನುಸುಳಿಸುತ್ತದೆ. ನಿಮ್ಮ ಪಟ್ಟಿಯಲ್ಲಿಯೂ ಅದು ಇದೆ: 200 ಹೋದ ನಲವತ್ತು ನಿಮಿಷಕ್ಕೆ ಒಂದು ಸೊನ್ನೆಯ ಸಾಲು. ವಾಲೆಟ್ ಆ್ಯಪ್ ಮೊಬೈಲ್ ಪರದೆಯಲ್ಲಿ ಜಾಗ ಉಳಿಸಲು ವಿಳಾಸದ ಮೊದಲ ಹಾಗೂ ಕೊನೆಯ ಕೆಲವು ಅಕ್ಷರಗಳನ್ನಷ್ಟೇ ತೋರಿಸುತ್ತದೆ. ಎರಡನೆಯ ಸಲ ನೀವು ಕ್ಯಾಸಿನೊದ ಪುಟಕ್ಕೆ ಹೋಗಿ ವಿಳಾಸ ತಂದಿರಲಾರಿರಿ. ‘ಹಿಂದೆ ಕಳಿಸಿದ್ದೆನಲ್ಲ’ ಎಂದು ಪಟ್ಟಿಯಲ್ಲಿ ಮೇಲಿದ್ದ ಸಾಲಿನಿಂದ ನಕಲು ಮಾಡಿರುತ್ತೀರಿ. ಇದರಲ್ಲಿ ದಡ್ಡತನವೇನಿಲ್ಲ. ಈ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರೂ ಬಿದ್ದಿದ್ದಾರೆ.

(ಇದೇ ತೊಂದರೆಗೆ ಬೇರೆ ಕಾರಣಗಳೂ ಇರುತ್ತವೆ, ಓದುವ ಉಳಿದವರಿಗಾಗಿ ಹೇಳಿಬಿಡುತ್ತೇನೆ. ಎಥೀರಿಯಂ ಮತ್ತು ಬಿಎನ್‌ಬಿ ಜಾಲದ ವಿಳಾಸಗಳು ನೋಡಲು ಒಂದೇ ರೀತಿ ಇರುವುದರಿಂದ ತಪ್ಪು ಜಾಲದಲ್ಲಿ ಕಳಿಸುವುದು, ಎಕ್ಸ್‌ಆರ್‌ಪಿ ಎಂಬ ಕಾಯಿನ್ ಕಳಿಸುವಾಗ ಯಾರ ಖಾತೆಗೆ ಎಂದು ಹೇಳುವ ಟ್ಯಾಗ್ ಸಂಖ್ಯೆ ಬಿಡುವುದು, ಕನಿಷ್ಠ ಠೇವಣಿಗಿಂತ ಕಡಿಮೆ ಹಾಕುವುದು. ಇಂಥವುಗಳಲ್ಲಿ ಹಣ ಹೆಚ್ಚಾಗಿ ಕ್ಯಾಸಿನೊದ ಹತೋಟಿಯಲ್ಲೇ ಇರುತ್ತದೆ. ತಾಳ್ಮೆಯಿಂದ ಕೇಳಿದರೆ, ಶುಲ್ಕ ಹಿಡಿದುಕೊಂಡು ಕೊಡುವವರೂ ಇದ್ದಾರೆ.)

1,150ನ್ನು ಹಿಂದಕ್ಕೆ ಎಳೆಯುವ ಗುಂಡಿ ಯಾರ ಬಳಿಯೂ ಇಲ್ಲ. ಟ್ರಾನ್ ಜಾಲದಲ್ಲಿ ಒಂದು ನಿಮಿಷದ ಆಚೆಗೆ ವಹಿವಾಟು ಶಾಶ್ವತ. ಆದರೆ ಯುಎಸ್‌ಡಿಟಿಗೆ ಬಿಟ್‌ಕಾಯಿನ್‌ಗಿಲ್ಲದ ಒಂದು ಗುಣವಿದೆ. ಅದನ್ನು ಹೊರತರುವ ಟೆದರ್ ಕಂಪನಿ ಒಂದು ವಿಳಾಸದಲ್ಲಿರುವ ಯುಎಸ್‌ಡಿಟಿಯನ್ನು ಅಲುಗದಂತೆ ಸ್ತಂಭನ ಮಾಡಬಲ್ಲದು, ತನಿಖಾ ಸಂಸ್ಥೆಗಳು ಕೇಳಿದಾಗ ಹಾಗೆ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ನೀವೋ ನಾನೋ ಮಿಂಚಂಚೆ ಬರೆದರೆ ಸಾಲದು, ಕೋರಿಕೆ ಪೊಲೀಸರಿಂದ ಹೋಗಬೇಕು. ಹಣ ಅಷ್ಟರಲ್ಲಿ ಅಲ್ಲಿಯೇ ಇರಬೇಕು. ನಾನು ನೋಡಿದಾಗ ನಿಮ್ಮ 1,150 ಆ ವಿಳಾಸದಲ್ಲಿ ಇರಲಿಲ್ಲ. ಬಂದ 22 ನಿಮಿಷಕ್ಕೆ ಇನ್ನೊಂದು ವಿಳಾಸಕ್ಕೆ, ಅಲ್ಲಿಂದ ಬೇರೆ ಹತ್ತಾರು ಮೊತ್ತಗಳ ಜೊತೆ ಸೇರಿ ಮರುದಿನ ಮೂರನೆಯದಕ್ಕೆ ಹೋಗಿದೆ. ಆ ಮೂರನೆಯದಕ್ಕೆ ಟ್ರಾನ್‌ಸ್ಕ್ಯಾನ್ ಕ್ರಿಪ್ಟೊ ಕೊಂಡು ಮಾರುವ ಒಂದು ದೊಡ್ಡ ವಿನಿಮಯ ಕೇಂದ್ರದ ಹೆಸರಿನ ಚೀಟಿ ಅಂಟಿಸಿದೆ. ಇದು ನಿಮ್ಮ ಇಡೀ ಪ್ರಕರಣದಲ್ಲಿ ನನಗೆ ಕಂಡ ಒಂದೇ ಒಳ್ಳೆಯ ಸುದ್ದಿ. ವಿನಿಮಯ ಕೇಂದ್ರಕ್ಕೆ ಹಣ ತಂದವನು ಅಲ್ಲಿ ಗುರುತಿನ ದಾಖಲೆ ಕೊಟ್ಟಿರುವ ಸಾಧ್ಯತೆ ಇದೆ, ಅಂದರೆ ಹೆಸರಿಲ್ಲದ ಪಹಣಿಗೆ ಅಲ್ಲಿ ಹೆಸರು ಸಿಗಬಹುದು. ಆ ಹೆಸರು ಬಾಡಿಗೆಗೆ ಕೊಟ್ಟ ಬಡಪಾಯಿಯೊಬ್ಬನದೂ ಆಗಿರಬಹುದು. ಆ ವಿನಿಮಯ ಕೇಂದ್ರವು ಪೊಲೀಸರ ಪತ್ರಕ್ಕೆ ಉತ್ತರಿಸುತ್ತದೆ, ನಿಮ್ಮದಕ್ಕಲ್ಲ.

ಇನ್ನು 2,640. ಇದು ಮಾತ್ರ ನಿಜಕ್ಕೂ ಕ್ಯಾಸಿನೊ ಜೊತೆಗಿನ ವ್ಯಾಜ್ಯ. ಇಲ್ಲಿ ಹಣ ಅವರ ಕಟ್ಟಡ ಬಿಟ್ಟು ಹೊರಟೇ ಇಲ್ಲ. ಹೊರಟಿದ್ದರೆ ಟ್ರಾನ್ಸಾಕ್ಷನ್ ಐಡಿ ಇರುತ್ತಿತ್ತು. ‘ಕಳಿಸಿದ್ದೇವೆ, ಜಾಲದಲ್ಲಿ ದಟ್ಟಣೆ ಇದೆ’ ಎಂದು ಯಾರಾದರೂ ಹೇಳಿದರೆ ಐಡಿ ಕೇಳಿ. ಅದನ್ನು ಕೊಡಲು ಬಾರದವರು ಕಳಿಸಿಲ್ಲ. ನಾವು ಆ ಕಾಲದಲ್ಲಿ ‘ಬ್ಯಾಂಕಿನಲ್ಲಿ ತಡವಾಗುತ್ತಿದೆ’ ಎಂದು ಬರೆಯಲು ಸಿದ್ಧ ವಾಕ್ಯವೊಂದನ್ನು ಇಟ್ಟುಕೊಂಡಿದ್ದೆವು, ಅರ್ಧ ಸಲ ಅದು ನಿಜವೂ ಆಗಿರುತ್ತಿತ್ತು. ಕ್ರಿಪ್ಟೊದಲ್ಲಿ ಆ ನೆಪಕ್ಕೆ ಜಾಗ ಕಡಿಮೆ.

ಹಾಗಾದರೆ ಏಕೆ ತಡೆದಿದ್ದಾರೆ? ಆಟಗಾರರು ಮೊದಲು ಹೇಳುವುದು ‘ಗೆದ್ದೆನೆಂದು ಹೊಟ್ಟೆಕಿಚ್ಚು’. ನನ್ನ ಅನುಭವದಲ್ಲಿ ಸಂಸ್ಥೆಗಳಿಗೆ ಒಬ್ಬ ಗೆದ್ದದ್ದರ ಬಗ್ಗೆ ಅಂಥ ಸಂಕಟವಿಲ್ಲ. ನೂರು ಜನ ಸೋಲುತ್ತಿರುತ್ತಾರೆ. ಕಾರಣಗಳು ಬೇಸರ ತರಿಸುವಷ್ಟು ಸಾಧಾರಣ. ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಹಿಂಪಡೆಯುವಿಕೆಗೆ ಮನುಷ್ಯರೊಬ್ಬರ ಒಪ್ಪಿಗೆ ಬೇಕು, ಆ ಮನುಷ್ಯರು ಇಬ್ಬರೇ ಇರುತ್ತಾರೆ. ನೀವು ಬೋನಸ್ ತೆಗೆದುಕೊಂಡಿದ್ದರೆ ಅದರ ಮೂವತ್ತೋ ನಲವತ್ತೋ ಪಟ್ಟು ಮೊತ್ತವನ್ನು ಪಣಕ್ಕಿಡುವವರೆಗೆ ಹಣ ಹೊರಬರುವುದಿಲ್ಲ ಎಂಬ ಷರತ್ತು ಇರುತ್ತದೆ. ನಿಮಗೆ ಕ್ಯಾಸಿನೊ ತೋರಿಸಿದ ಸಹೋದ್ಯೋಗಿಯೂ ನೀವೂ ಒಂದೇ ವೈಫೈನಿಂದ ಆಡಿದ್ದರೆ ‘ಒಬ್ಬನೇ ಎರಡು ಖಾತೆ’ ಎಂಬ ಗುರುತು ಬಿದ್ದಿರಬಹುದು. ವಿಪಿಎನ್ ಬಳಸಿದ್ದರೆ ಅದೊಂದು. ನೀವು ಪಿ2ಪಿ ಮೂಲಕ, ಅಂದರೆ ಇನ್ನೊಬ್ಬ ವ್ಯಕ್ತಿಯಿಂದ ನೇರವಾಗಿ, ಕೊಂಡ ಕಾಯಿನ್ ಹಿಂದೆ ಯಾವುದೋ ಕದ್ದ ಹಣದ ದಾರಿಯಲ್ಲಿ ಹಾದುಬಂದಿದ್ದರೆ ಅವರ ತಪಾಸಣಾ ತಂತ್ರಾಂಶ ಕೆಂಪು ದೀಪ ತೋರಿಸುತ್ತದೆ. ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಉತ್ತರ ಉಂಟು. ಉತ್ತರವಿಲ್ಲದ ಕಾರಣ ಎರಡು: ಅವರ ಬಳಿ ಕೊಡಲು ಹಣವೇ ಇಲ್ಲ, ಅಥವಾ ನಿಯಮಪುಟದ ನಿಷೇಧಿತ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ಎರಡನೆಯದು ನನಗೆ ಅತ್ಯಂತ ಹೇಸಿಗೆ ತರಿಸುವ ಆಟ. ಹಣ ಒಳಗೆ ತೆಗೆದುಕೊಳ್ಳುವಾಗ ಭಾರತ ನೆನಪಾಗುವುದಿಲ್ಲ, ಹೊರಗೆ ಕೊಡುವಾಗ ಭೂಪಟ ತೆರೆದುಕೊಳ್ಳುತ್ತದೆ.

‘ನಮ್ಮದು ಸಾಬೀತುಪಡಿಸಬಹುದಾದ ನ್ಯಾಯಯುತ ಆಟ’ ಎಂದು ಅವರು ಬರೆದುಕೊಂಡಿದ್ದನ್ನು ನಂಬಿದ್ದಾಗಿ ಒಂದು ಕಡೆ ಹೇಳಿದ್ದೀರಿ. ಆ ಗಣಿತ ಸುಳ್ಳಲ್ಲ. ಆಟಕ್ಕೆ ಮೊದಲೇ ಅವರ ಗುಪ್ತ ಸಂಖ್ಯೆಯ ಹ್ಯಾಶ್ (ಗಣಿತದ ಬೆರಳಚ್ಚು) ನಿಮಗೆ ಕೊಟ್ಟು, ಆಮೇಲೆ ಸಂಖ್ಯೆಯನ್ನೇ ತೋರಿಸುತ್ತಾರೆ. ಎರಡೂ ಹೊಂದಿಕೆಯಾದರೆ ನಡುವೆ ಫಲಿತಾಂಶ ಬದಲಿಸಿಲ್ಲವೆಂದು ಅರ್ಥ. ಆದರೆ ಅದು ದಾಳ ಸರಿಯಾಗಿ ಉರುಳಿತು ಎನ್ನುವುದಕ್ಕೆ ಮಾತ್ರ ಪುರಾವೆ. ಗೆದ್ದವನಿಗೆ ಹಣ ಎಣಿಸಿಕೊಡುತ್ತಾರೆ ಎನ್ನುವುದಕ್ಕೆ ಅಲ್ಲ.

ಮಾಡಬೇಕಾದದ್ದು ಇಷ್ಟು. ಇಂದೇ ಆ ಖಾತೆಯ ಠೇವಣಿ, ಹಿಂಪಡೆಯುವಿಕೆ ಮತ್ತು ಪಣದ ಇತಿಹಾಸವನ್ನು, ಚಾಟ್‌ಗಳನ್ನು ಉಳಿಸಿಕೊಳ್ಳಿ. ನಿಯಮಗಳ ಪುಟವನ್ನೂ ಇಂದಿನ ತಾರೀಖಿನೊಂದಿಗೆ ಪಿಡಿಎಫ್ ಮಾಡಿಡಿ, ಏಕೆಂದರೆ ನಿಯಮ ನಾಳೆ ಬೆಳಿಗ್ಗೆ ಬದಲಾಗಬಲ್ಲದು. ಖಾತೆ ಮುಚ್ಚಿಹೋದರೆ ಇದಾವುದೂ ಮತ್ತೆ ಸಿಗುವುದಿಲ್ಲ. ಆಮೇಲೆ ಒಂದೇ ಒಂದು ಪತ್ರ, ಮಿಂಚಂಚೆಯಲ್ಲಿ. ಬಳಕೆದಾರ ಹೆಸರು, ಕೋರಿಕೆಯ ಸಂಖ್ಯೆ, ಮೊತ್ತ, ಸಮಯ. ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆಯಿರಿ: ನಮ್ಮ ರಾತ್ರಿ 11.40 ಅವರ ಕಡತದಲ್ಲಿ ಸಂಜೆ 6.10. ಈ ಐದೂವರೆ ಗಂಟೆಯ ವ್ಯತ್ಯಾಸದಿಂದಲೇ ‘ಅಂಥ ವಹಿವಾಟು ಸಿಗಲಿಲ್ಲ’ ಎಂದು ನಾನೇ ಎಷ್ಟೋ ದೂರು ಮುಚ್ಚಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೆ ಎರಡೇ ಪ್ರಶ್ನೆ: ಯಾವ ನಿಯಮದ ಯಾವ ಉಪವಿಧಿಯಡಿ ತಡೆಹಿಡಿದಿದ್ದೀರಿ? ಯಾವ ದಿನಾಂಕದೊಳಗೆ ತೀರ್ಮಾನ ಹೇಳುತ್ತೀರಿ? 1,150ರ ಮಾತನ್ನು ಈ ಪತ್ರದಲ್ಲಿ ಎತ್ತಬೇಡಿ. ತಪ್ಪು ಆರೋಪವೊಂದು ಸೇರಿದರೆ ಸರಿಯಾದ ಆರೋಪವೂ ಅದರ ಜೊತೆ ಕಸದ ಬುಟ್ಟಿ ಸೇರುತ್ತದೆ. ದಿನಕ್ಕೆ ನಾಲ್ಕು ಸಲ ಹೊಸ ದೂರು ತೆರೆಯುವುದೂ ಬೇಡ, ಪ್ರತಿ ಸಲವೂ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೀರಿ.

ಹಿಂಪಡೆಯುವ ಕೋರಿಕೆಯನ್ನು ಎಂದಿಗೂ ರದ್ದು ಮಾಡಬೇಡಿ. ರದ್ದಾದರೆ 2,640 ಮತ್ತೆ ಆಟದ ಖಾತೆಗೆ ಬಂದು ಕುಳಿತುಕೊಳ್ಳುತ್ತದೆ. ಆ ಗುಂಡಿಯನ್ನು ಅಷ್ಟು ದೊಡ್ಡದಾಗಿ, ಅಷ್ಟು ಚೆನ್ನಾಗಿ ಅವರು ಇಟ್ಟಿರುವುದಕ್ಕೆ ಕಾರಣವಿದೆ: ತಡವಾದಷ್ಟೂ ಜನ ಅದನ್ನು ಒತ್ತಿ, ಆಡಿ, ಸೋತು, ವ್ಯಾಜ್ಯವನ್ನೇ ಮುಗಿಸಿಬಿಡುತ್ತಾರೆ. ಕಾಯುತ್ತ ಸುಮ್ಮನಿರಲಾಗದೆ 1,150 ಹಾಕಿದೆನೆಂದು ನೀವೇ ಬರೆದಿದ್ದೀರಿ, ಅದಕ್ಕೇ ಹೇಳಿದೆ.

ಉತ್ತರ ಬಾರದಿದ್ದರೆ ಪುಟದ ಅಡಿಯಲ್ಲಿರುವ ಪರವಾನಗಿಯ ಮುದ್ರೆ ಒತ್ತಿ ನೋಡಿ. ಅದು ಬರೀ ಚಿತ್ರವಾಗಿದ್ದರೆ ಮುಂದೆ ಹೋಗಬೇಕಿಲ್ಲ. ಪರವಾನಗಿ ಕೊಟ್ಟ ನಿಯಂತ್ರಕರ ಜಾಲತಾಣ ತೆರೆದು, ಅಲ್ಲಿ ಇದೇ ಜಾಲವಿಳಾಸದ ಕ್ಯಾಸಿನೊ ಹೆಸರಿದ್ದರೆ ದೂರಿಗೆ ಒಂದು ಬಾಗಿಲಿದೆ. ಕ್ರಿಪ್ಟೊ ಕ್ಯಾಸಿನೊಗಳಲ್ಲಿ ಬಹುಪಾಲು ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದ್ದೋ, ಕೊಮೊರೋಸ್‌ನ ಅಂಜುವಾನ್ ದ್ವೀಪದ್ದೋ ಪರವಾನಗಿ ಹೊಂದಿರುತ್ತವೆ. ಕುರಸಾವ್‌ನಲ್ಲಿ ಹಿಂದೆ ಮೂಲ ಪರವಾನಗಿದಾರರು ಉಪಪರವಾನಗಿ ಹಂಚುತ್ತಿದ್ದರು, ದೂರು ಕೇಳುವವರಿರಲಿಲ್ಲ. 2024ರ ಡಿಸೆಂಬರ್ 24ರಿಂದ ಅಲ್ಲಿ ಹೊಸ ಕಾಯ್ದೆ ಜಾರಿಯಲ್ಲಿದೆ, ನಿಯಂತ್ರಣ ಪ್ರಾಧಿಕಾರವೇ ನೇರವಾಗಿ ಪರವಾನಗಿ ಕೊಡುತ್ತದೆ. ಕ್ಯಾಸಿನೊಗೆ ಕೊಟ್ಟ ಲಿಖಿತ ದೂರು ಫಲಿಸದಿದ್ದರೆ ಅದು ತನ್ನ ನಿಯಮಗಳಲ್ಲಿ ಹೆಸರಿಸಿರುವ ಸ್ವತಂತ್ರ ಇತ್ಯರ್ಥ ಸಂಸ್ಥೆಗೆ ಹೋಗಿ. ಅಲ್ಲಿ ಗೆಲ್ಲುವವರು ಕೂಗಾಡುವವರಲ್ಲ, ಕಡತ ಅಚ್ಚುಕಟ್ಟಾಗಿಟ್ಟುಕೊಂಡವರು. ಆದರೆ ಭಾರತ ನಿಷೇಧಿತ ಪಟ್ಟಿಯಲ್ಲಿದ್ದರೆ ಗೆದ್ದ ಹಣದ ಆಸೆ ಬಿಟ್ಟು ಮೂಲ ಠೇವಣಿ 200ನ್ನು ಮರಳಿ ಕೇಳಿ. ಅದನ್ನು ಕೊಟ್ಟು ಕೈತೊಳೆದುಕೊಳ್ಳುವವರನ್ನು ನಾನು ಕಂಡಿದ್ದೇನೆ.

ಮಂಡ್ಯದ ನ್ಯಾಯಾಲಯದಲ್ಲಿ ದಾವೆ ಹೂಡಬಹುದೇ ಎಂದು ಯಾರಾದರೂ ಆಸೆ ಹುಟ್ಟಿಸಿದರೆ, 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ನೋಡಲು ಹೇಳಿ. ಪಣದ ಒಪ್ಪಂದ ಅನೂರ್ಜಿತ. ಪಣದಲ್ಲಿ ಗೆದ್ದದ್ದನ್ನು ಕೊಡಿಸಿ ಎಂದು ದಾವೆ ನಡೆಯುವುದಿಲ್ಲ. ಪ್ರತಿವಾದಿ ಇರುವುದು ಸಮುದ್ರದಾಚೆ ಎಂಬ ತೊಡಕು ಆಮೇಲಿನದು.

ಪೊಲೀಸರ ಭಯದ ವಿಷಯ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅಂಥ ಆಟ ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, 50 ಲಕ್ಷ. ಹಣ ಸಾಗಿಸಲು ನೆರವಾಗುವವರಿಗೂ ಶಿಕ್ಷೆ ಇದೆ. ಆಡಿದವನಿಗೆ ಆ ಕಾಯ್ದೆ ಶಿಕ್ಷೆ ವಿಧಿಸುವುದಿಲ್ಲ. ಆಟಗಾರ ಬಲಿಪಶು ಎಂಬುದು ಅದನ್ನು ತಂದ ಸರ್ಕಾರವೇ ಹೇಳಿದ ಮಾತು. ಹಾಗಾಗಿ ‘ನಿನ್ನನ್ನೇ ಹಿಡಿಯುತ್ತಾರೆ’ ಎಂಬ ಗೆಳೆಯರ ಮಾತಿಗೆ ಈ ಕಾಯ್ದೆಯಲ್ಲಿ ಆಧಾರವಿಲ್ಲ. ಠಾಣೆಯಲ್ಲಿ ಒಂದೆರಡು ಮಾತು ಕೇಳಬೇಕಾಗಬಹುದು, ಹಣದ ಮೂಲ ಕೇಳಬಹುದು. ಬ್ಯಾಂಕ್ ವಿವರ ಕೈಯಲ್ಲಿರಲಿ. ನೀವು ಬೇರೆಯವರನ್ನು ಆ ಕ್ಯಾಸಿನೊಗೆ ಸೇರಿಸಿ ಕಮಿಷನ್ ಪಡೆದಿದ್ದರೆ ಮಾತ್ರ ಕಥೆ ಬೇರೆ. ಆಗ ಠಾಣೆಗೆ ಹೋಗುವ ಮೊದಲು ವಕೀಲರ ಬಳಿ ಹೋಗಿ.

ದೂರು ಇರಬೇಕಾದದ್ದು 1,150ರ ಬಗ್ಗೆ ಮತ್ತು ಟೆಲಿಗ್ರಾಂ ವ್ಯಕ್ತಿಯ ಬಗ್ಗೆ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದಾಖಲಿಸಿ, ಸ್ವೀಕೃತಿ ಸಂಖ್ಯೆ ಹಿಡಿದು ಮೈಸೂರಿನ ಅಥವಾ ಮಂಡ್ಯದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ‘ನಮ್ಮ ವ್ಯಾಪ್ತಿಯಲ್ಲ’ ಎಂದರೆ, ಘಟನೆ ಎಲ್ಲಿಯೇ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆಂದು ವಿನಯದಿಂದಲೇ ನೆನಪಿಸಿ. ವಂಚನೆಗೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ಕಂಪ್ಯೂಟರ್ ಮೂಲಕ ಬೇರೆಯವರ ಸೋಗು ಹಾಕಿ ಮೋಸ ಮಾಡುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ. ಒಂದು ಹಾಳೆಯಲ್ಲಿ ಎರಡು ವಿಳಾಸಗಳನ್ನು ಒಂದರ ಕೆಳಗೊಂದು ದೊಡ್ಡದಾಗಿ ಮುದ್ರಿಸಿ, ಬೇರೆಯಾಗಿರುವ ಅಕ್ಷರಗಳಿಗೆ ಕೆಂಪು ಗೆರೆ ಎಳೆದು ಕೊಂಡೊಯ್ಯಿರಿ. ಠಾಣೆಯಲ್ಲಿ ಅರ್ಧ ಗಂಟೆಯ ಮಾತು ಮಾಡಲಾಗದ ಕೆಲಸವನ್ನು ಆ ಹಾಳೆ ಮಾಡುತ್ತದೆ. ಹಣ ಸೇರಿದ ವಿನಿಮಯ ಕೇಂದ್ರದ ಹೆಸರು, ಮೂರೂ ಟ್ರಾನ್ಸಾಕ್ಷನ್ ಐಡಿ ಅದರ ಕೆಳಗೆ ಇರಲಿ. ಆ ಮೊಬೈಲನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಮುಂದೆ ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡುವಾಗ ಮೂಲ ಸಾಧನ ಬೇಕಾಗಬಹುದು.

ನಿಮಗೆ ಕಾಯಿನ್ ಮಾರಿದವನ ಮೇಲೆ 1930ಕ್ಕೆ ದೂರು ಕೊಡುವ ಸಲಹೆ ಕೇಳಿ ನನಗೆ ನಿಜವಾಗಿ ಸಿಟ್ಟು ಬಂತು. ಅವನು ಹಣ ಪಡೆದು ಕಾಯಿನ್ ಕೊಟ್ಟಿದ್ದಾನೆ. ಅವನ ವ್ಯವಹಾರ ಅಲ್ಲಿಗೆ ಮುಗಿಯಿತು. 1930ಕ್ಕೆ ಫೋನ್ ಮಾಡಿದರೆ ಬ್ಯಾಂಕ್‌ಗಳು ಹಣದ ದಾರಿ ಹಿಡಿದು ಅವನ ಖಾತೆಯಲ್ಲಿ ಆ ಮೊತ್ತವನ್ನು ತಡೆಹಿಡಿಯುತ್ತವೆ. ಅವನ ಅಂಗಡಿ ಬಾಡಿಗೆ, ಮಗುವಿನ ಶಾಲೆಯ ಫೀಸು ನಿಲ್ಲುತ್ತದೆ. ಅವನು ಕಾಯಿನ್ ಕೊಟ್ಟ ಪುರಾವೆ ವಿನಿಮಯ ಕೇಂದ್ರದಲ್ಲಿಯೇ ಇರುವುದರಿಂದ ಕೊನೆಗೆ ಸುಳ್ಳು ದೂರಿನ ಹೊಣೆ ನಿಮ್ಮ ಮೇಲೆ ಬರುತ್ತದೆ. ಇದರ ಮಗ್ಗುಲೂ ತಿಳಿದಿರಲಿ: ಪಿ2ಪಿಯಲ್ಲಿ ನೀವು ಯಾವತ್ತಾದರೂ ಕಾಯಿನ್ ಮಾರಿ ಹಣ ಪಡೆದಿದ್ದರೆ, ಕೊಂಡವನು ಕದ್ದ ಹಣ ಕೊಟ್ಟಿದ್ದರೆ, ಎಲ್ಲೋ ದೂರದ ರಾಜ್ಯದ ದೂರಿನ ಮೇಲೆ ನಿಮ್ಮ ಸಂಬಳದ ಖಾತೆಯೇ ಸ್ತಂಭಿತವಾಗಬಹುದು. 2,640 ಒಂದು ವೇಳೆ ಬಂದರೆ ಅದನ್ನು ರೂಪಾಯಿ ಮಾಡುವುದು, ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿತವಾದ ವಿನಿಮಯ ಕೇಂದ್ರದ ಮೂಲಕವೇ ಆಗಲಿ.

ಈಗ ಆ ‘ತೆರಿಗೆ’. ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ನಮ್ಮಲ್ಲಿ 30% ತೆರಿಗೆ ಇದೆ, ಕ್ರಿಪ್ಟೊ ಲಾಭಕ್ಕೂ 30%, ಮಾರಾಟಕ್ಕೆ 1% ಟಿಡಿಎಸ್. 12% ಎಂಬ ಅಂಕಿ ಇದರಲ್ಲಿ ಎಲ್ಲಿಯೂ ಇಲ್ಲ. ತೆರಿಗೆ ಹೋಗುವುದು ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರದ ಖಜಾನೆಗೆ, ಟ್ರಾನ್ ವಿಳಾಸಕ್ಕಲ್ಲ. ಅವನು ಮ್ಯಾನೇಜರೂ ಅಲ್ಲ. ಇಂಥ ಗುಂಪುಗಳಲ್ಲಿ ಯಾರು ಹಣ ಕಳೆದುಕೊಂಡು ಕೂಗುತ್ತಾರೋ ಅವರಿಗೆ ಹತ್ತು ನಿಮಿಷದೊಳಗೆ ಖಾಸಗಿ ಸಂದೇಶ ಕಳಿಸುವವರೇ ಬೇರೆ ಇದ್ದಾರೆ. ಅವನಿಗೆ ನಿಮ್ಮ 1,150 ಗೊತ್ತಿದ್ದದ್ದು ನೀವೇ ಗುಂಪಿನಲ್ಲಿ ಬರೆದದ್ದರಿಂದ. ಕ್ಯಾಸಿನೊ ಕೈಗೇ ಬಾರದ ಹಣವನ್ನು ‘ಬಿಡುಗಡೆ ಮಾಡುತ್ತೇನೆ’ ಎಂದಾಗಲೇ ಅವನ ಬಣ್ಣ ಬಯಲಾಯಿತು. ಈ ಉತ್ತರ ಓದಿದ ಮೇಲೆ ‘ಕಳೆದ ಕ್ರಿಪ್ಟೊ ಮರಳಿ ಕೊಡಿಸುತ್ತೇವೆ, ಮುಂಗಡ ಕೊಡಿ’ ಎನ್ನುವ ‘ಹ್ಯಾಕರ್’ಗಳೂ ಬರುತ್ತಾರೆ. ಅವರೂ ಅದೇ ಬಳಗ.

ಸಿಗುತ್ತದೆಯೇ ಎಂದು ಕೇಳಿದ್ದೀರಿ. 1,150 ಸಿಗುವ ಸಾಧ್ಯತೆ ಕಡಿಮೆ, ಸೊನ್ನೆಯಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. 2,640 ಅವರ ಮನಸ್ಸಿನ ಮೇಲೆ ನಿಂತಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನ್ನೂ ಇಲ್ಲವೆಂದು ಲೆಕ್ಕ ಬರೆದು, ಅಪ್ಪನ ಹಣವನ್ನು ಸಂಬಳದಿಂದ ಕಂತಿನಲ್ಲಿ ತುಂಬಿಕೊಡುವ ದಾರಿ ನೋಡುತ್ತಿದ್ದೆ. ಕಬ್ಬಿನ ಬಿಲ್ಲು ತಡವಾಗಿ ಬರುವುದು ಮಂಡ್ಯದ ಅಪ್ಪಂದಿರಿಗೆ ಹೊಸದಲ್ಲ, ಆದರೆ ಪೊಲೀಸ್ ನೋಟಿಸಿನಿಂದ ವಿಷಯ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ತಿಳಿಯುವುದು ಅವರಿಗೆ ಕಡಿಮೆ ನೋವು. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲಿಯೇ ಮಾತಾಡುತ್ತಾರೆ, ಶುಲ್ಕವಿಲ್ಲ. ಆಟದ ಚಟಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ಒಂದು ಕ್ಲಿನಿಕ್ ಇದೆ.

ಕೊನೆಗೆ ನಿಮ್ಮ ಪತ್ರದಲ್ಲಿ ಬಿಟ್ಟುಹೋದ ಒಂದು ವಿವರ. ‘ವಾಲೆಟ್ ಪರಿಶೀಲನೆ’ ಎಂದು ಆ ಟೆಲಿಗ್ರಾಂ ‘ಮ್ಯಾನೇಜರ್’ ಕಳಿಸಿದ ಕೊಂಡಿ ಆರನೆಯ ಚಿತ್ರದಲ್ಲಿ ಕಾಣುತ್ತಿದೆ, ಅದನ್ನು ನೀವು ಒತ್ತಿದಿರಾ ಎಂದು ಬರೆದಿಲ್ಲ. ಒತ್ತಿದ್ದರೆ, ಅಥವಾ ವಾಲೆಟ್ ತೆರೆಯುವಾಗ ಬರೆದುಕೊಂಡ, ಅದರ ಕೀಲಿಯೇ ಆದ ಹನ್ನೆರಡು ಪದಗಳನ್ನು ಯಾರಿಗಾದರೂ ಕೊಟ್ಟಿದ್ದರೆ, ಮೇಲೆ ಹೇಳಿದ್ದೆಲ್ಲ ನಾಳೆಗಿರಲಿ. ಬೇರೆ ಮೊಬೈಲ್‌ನಲ್ಲಿ ಹೊಸ ವಾಲೆಟ್ ತೆರೆದು, ಹಳೆಯದರಲ್ಲಿ ಉಳಿದಿರುವ ಚೂರುಪಾರನ್ನು ಈ ರಾತ್ರಿಯೇ ಅಲ್ಲಿಗೆ ಸಾಗಿಸಿ. 2,640 ಬರಬೇಕಾದ ವಿಳಾಸವೂ ಹಳೆಯ ವಾಲೆಟ್‌ನದೇ ಆಗಿದ್ದರೆ, ಕೋರಿಕೆ ರದ್ದು ಮಾಡದೆ ವಿಳಾಸ ಮಾತ್ರ ಬದಲಿಸಲು ಕ್ಯಾಸಿನೊಗೆ ಬರೆಯಿರಿ. ಹೊಸ ವಿಳಾಸವನ್ನು ಕಳಿಸುವಾಗ 34 ಅಕ್ಷರಗಳನ್ನೂ ಓದಿ.